ದೋಟಿ ಹಿಡಿಯುವ ಭುಜ

(ಪುತ್ತೂರಿನ ಕಡೆಯ ಒಂದು ಅಡಿಕೆ ತೋಟದ ಮನೆ. ಮಾತನಾಡುವವರಲ್ಲಿ ಒಬ್ಬರು ಆ ತೋಟದ ಯಜಮಾನರು, ಇನ್ನೊಬ್ಬಳು ಅವರ ತಂಗಿಯ ಮಗಳು, ಮಂಗಳೂರಿನಲ್ಲಿ ಫಿಸಿಯೋಥೆರಪಿಸ್ಟ್.)

— ಚೌತಿಗೆ ನೀನು ಬಂದದ್ದು ಒಳ್ಳೆಯದೇ ಆಯ್ತು ಮಗಳೇ. ಮೊದಲ ಕೊಯ್ಲಿಗೆ ಇನ್ನು ಹೆಚ್ಚು ದಿನ ಇಲ್ಲ. ದೋಟಿ ಹಿಡಿಯಬಹುದಾ ನಾನು?

— ಈ ಕೊಯ್ಲಿಗೆ ಬೇಡ ಮಾವ.

— ನೋವು ಹೋಗಿದೆ. ಬಲಗೈಯಲ್ಲೇ ಊಟ ಮಾಡ್ತೇನೆ, ಅಂಗಿ ನಾನೇ ಹಾಕಿಕೊಳ್ತೇನೆ. ಇನ್ನೆಂತ ಬಾಕಿ?

— ಬಲ ಬಾಕಿ. ನೋವು ಮೊದಲು ಹೋಗ್ತದೆ, ಬಲ ಬರುವುದು ಎಷ್ಟೋ ಸಮಯದ ನಂತರ. ಎಷ್ಟೋ ಜನ ಸೋಲುವುದು ಈ ನಡುವಿನ ತಿಂಗಳುಗಳಲ್ಲಿ. ನಿಮ್ಮ ಭುಜದೊಳಗೆ ಹರಿದ ಸ್ನಾಯುವಿನ ತುದಿಯನ್ನು ಎಳೆದು ತಂದು ಎಲುಬಿಗೆ ಹೊಲಿದಿದ್ದಾರೆ. ಎಲುಬಿನೊಳಗೆ ಕೂರಿಸಿದ ಸಣ್ಣ ಮೊಳೆಗಳು, ಅವುಗಳಿಗೆ ಕಟ್ಟಿದ ದಾರ, ಇವೆಲ್ಲ ಹಿಡಿದುಕೊಂಡಿರುವುದು ಸ್ವಲ್ಪ ಕಾಲಕ್ಕೆ ಮಾತ್ರ. ಅಷ್ಟರೊಳಗೆ ಸ್ನಾಯುವಿನ ತುದಿ ತಾನಾಗಿ ಎಲುಬಿಗೆ ಬೆಸೆದುಕೊಳ್ಳಬೇಕು. ಮೊದಲ 6 ವಾರ ಆ ಜಾಗ ಇನ್ನೂ ಹಸಿ. ಸುಮಾರು 12 ವಾರಕ್ಕೆ ಹಗುರ ವ್ಯಾಯಾಮ ತಾಳುವಷ್ಟು ಗಟ್ಟಿಯಾಗ್ತದೆ. ಕೈಯನ್ನು ತಲೆಗಿಂತ ಮೇಲೆ ಎತ್ತಿ ಭಾರದ ಕೆಲಸ ಮಾಡಬೇಕಾದರೆ 6 ತಿಂಗಳು ಕಾಯಲೇಬೇಕು. ನಿಮಗೆ ಆಪರೇಶನ್ ಆದದ್ದು ಜೂನ್ ಕೊನೆಗೆ. ಲೆಕ್ಕ ನೀವೇ ಹಾಕಿ.

— ನಮ್ಮದು ಕಾರ್ಬನ್ ಫೈಬರಿನ ದೋಟಿ. ಎತ್ತಿ ನೋಡು, ಭಾರವೇ ಇಲ್ಲ.

— ನೆಲಕ್ಕೆ ಊರಿ ನಿಲ್ಲಿಸಿದಾಗ ಭಾರ ಇಲ್ಲ. 60 ಅಡಿ ಮೇಲೆ ಅದರ ತುದಿ ಒಂದು ಕಡೆಗೆ ಬಳುಕಿದಾಗ ಅದನ್ನು ನೇರ ಮಾಡುವುದು ನಿಮ್ಮ ಭುಜ. ಗೊನೆಯ ಬುಡಕ್ಕೆ ಕತ್ತಿ ಸಿಕ್ಕಿಸಿ ಕೆಳಗೆ ಜಗ್ಗುವಾಗಲೂ ಕೈ ತಲೆಯ ಮೇಲೆಯೇ ಇರ್ತದೆ. ದೋಟಿ ಬಂದು ಮರದಿಂದ ಬೀಳುವ ಅಪಾಯ ತಪ್ಪಿತು, ಅದು ದೊಡ್ಡ ಉಪಕಾರ, ನಾನು ಅಲ್ಲ ಎನ್ನುವುದಿಲ್ಲ. ಆದರೆ ಬೆಳಗ್ಗಿಂದ ಸಂಜೆವರೆಗೆ ಕತ್ತೆತ್ತಿ, ಎರಡೂ ಕೈ ಮೇಲೆತ್ತಿ ನಿಂತು ಮಾಡುವ ಕೆಲಸ ಅದು. ಭುಜಕ್ಕೆ ಅದಕ್ಕಿಂತ ಕಷ್ಟದ ಕೆಲಸ ತೋಟದಲ್ಲಿ ಬೇರೆ ಇಲ್ಲ.

— ನನಗೆ ಪೆಟ್ಟಾದದ್ದು ದೋಟಿಯಿಂದಲ್ಲ. ಮದ್ದು ಬಿಡುವ ದಿನ ಕಣಿ ದಾಟುವಾಗ ಜಾರಿತು, ಬೀಳುವಾಗ ಕೈ ಊರಿದೆ, ಅಷ್ಟೆ. ಎಕ್ಸ್‌ರೇ ತೆಗೆದರೆ ಎಲುಬು ಸರಿಯಾಗಿಯೇ ಉಂಟು. ಆದರೆ ಕೈ ಏಳುವುದೇ ಇಲ್ಲ. ಎಡಗೈಯಲ್ಲಿ ಹಿಡಿದು ಎತ್ತಿದರೆ ಏಳ್ತದೆ, ಬಿಟ್ಟರೆ ಬೀಳ್ತದೆ. ನನಗೆ ಹೆದರಿಕೆ ಆದದ್ದು ಆಗ.

— ಆ ಲಕ್ಷಣ ಕೇಳಿಯೇ ನಾನು ಎಮ್ಆರ್‌ಐ ಮಾಡಿಸಿ ಎಂದದ್ದು. ಎಕ್ಸ್‌ರೇಗೆ ಸ್ನಾಯು ಕಾಣುವುದಿಲ್ಲ. ಭುಜದ ಕೀಲು ಬಹಳ ವಿಚಿತ್ರದ್ದು ಮಾವ. ಸೊಂಟದ ಕೀಲಿನ ಗುಂಡು ಆಳವಾದ ಗುಳಿಯಲ್ಲಿ ಕೂತಿರ್ತದೆ. ಭುಜದ್ದು ಹಾಗಿಲ್ಲ. ಶಾಲೆಯಲ್ಲಿ ನಿಂಬೆ-ಚಮಚ ಓಟ ಇರ್ತದಲ್ಲ, ಹಾಗೆ. ಗುಂಡು ದೊಡ್ಡದು, ಅದು ಕೂರುವ ಗುಳಿ ಚಿಕ್ಕದು. ಯಾವ ಹೊತ್ತಿಗೂ ಗುಂಡಿನ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಗುಳಿಗೆ ತಾಗಿರುವುದಿಲ್ಲ. ಆದ್ದರಿಂದಲೇ ಕೈ ಎಲ್ಲ ಕಡೆಗೂ ತಿರುಗ್ತದೆ. ಗುಂಡು ಜಾರದ ಹಾಗೆ ಸುತ್ತಲೂ ಹಿಡಿದುಕೊಂಡಿರುವುದು ನಾಲ್ಕು ಸ್ನಾಯುಗಳು. ಮೇಲೆ ಸುಪ್ರಾಸ್ಪೈನೇಟಸ್, ಹಿಂದೆ ಇನ್‌ಫ್ರಾಸ್ಪೈನೇಟಸ್ ಮತ್ತು ಟೆರೆಸ್ ಮೈನರ್, ಮುಂದೆ ಸಬ್‌ಸ್ಕ್ಯಾಪುಲಾರಿಸ್. ನಾಲ್ಕಕ್ಕೂ ಸೇರಿ ರೊಟೇಟರ್ ಕಫ್ ಅಂತ ಹೆಸರು. ಹೆಚ್ಚಾಗಿ ಹರಿಯುವುದು ಮೇಲಿನದ್ದು. ನಿಮ್ಮದೂ ಅದೇ.

— ನಮ್ಮ ನೆರೆಮನೆಯ ಮಾಸ್ಟ್ರಿಗೂ ಅದೇ ಹರಿದಿದೆಯಂತೆ. ಅವರಿಗೆ ಆಪರೇಶನ್ ಬೇಡ, ವ್ಯಾಯಾಮ ಸಾಕು ಎಂದರಂತೆ ಡಾಕ್ಟ್ರು. ಹಾಗಾದರೆ ನನ್ನ ಆಪರೇಶನ್ ಬೇಕಿತ್ತಾ?

— ಬೇಕಿತ್ತು. ನಿಮ್ಮದು ಒಂದೇ ಏಟಿಗೆ ಪೂರ್ತಿ ಹರಿದದ್ದು, ಕೈ ಏಳುವುದು ನಿಂತೇ ಹೋಗಿತ್ತು. ಅಂಥದ್ದನ್ನು ಬೇಗ ಹೊಲಿಯಬೇಕು. ತಡವಾದರೆ ಸ್ನಾಯು ಹಿಂದೆ ಸರಿದು ಬಡವಾಗ್ತದೆ, ಅದರಲ್ಲಿ ಕೊಬ್ಬು ತುಂಬ್ತದೆ, ಆಮೇಲೆ ಹೊಲಿದರೂ ನಿಲ್ಲುವುದು ಕಷ್ಟ. ಮಾಸ್ಟ್ರದ್ದು ವರ್ಷಗಟ್ಟಲೆ ಸವೆದು ಹರಿದದ್ದು. 60 ದಾಟಿದ ಎಷ್ಟೋ ಜನರ ಭುಜದಲ್ಲಿ ಅಂಥ ಹರುಕು ಇರ್ತದೆ, ಅವರಿಗೆ ನೋವೂ ಇರುವುದಿಲ್ಲ, ಗೊತ್ತೂ ಇರುವುದಿಲ್ಲ. ಅಮೆರಿಕದಲ್ಲಿ ಪೆಟ್ಟಾಗದೆ ಪೂರ್ತಿ ಹರಿದಿದ್ದ 452 ಜನರಿಗೆ ಮೊದಲು ವ್ಯಾಯಾಮ ಕಲಿಸಿ ಎರಡು ವರ್ಷ ನೋಡಿದರು. ನಾಲ್ವರಲ್ಲಿ ಮೂವರಿಗೆ ಆಪರೇಶನ್ ಬೇಕಾಗಲಿಲ್ಲ. 2013ರಲ್ಲಿ ಬಂದ ಫಲಿತಾಂಶ ಅದು. ಎಮ್ಆರ್‌ಐ ಕಾಗದದಲ್ಲಿ ಹರಿದಿದೆ ಎಂದು ಬರೆದದ್ದನ್ನು ನೋಡಿಯೇ ಜನ ಅರ್ಧ ಸಾಯ್ತಾರೆ. ಕಾಗದ ನೋಡುವ ಮೊದಲು ಕೈ ಏಳ್ತದಾ, ಹೇಗೆ ಪೆಟ್ಟಾಯ್ತು, ವಯಸ್ಸೆಷ್ಟು ಅಂತ ನೋಡಬೇಕು.

— ಎಲುಬು ಮುಳ್ಳಾಗಿ ಬೆಳೆದಿದೆ, ಕೆರೆದು ತೆಗೀತೇವೆ ಅಂತ ಕೆಲವರಿಗೆ ಹೇಳ್ತಾರಲ್ಲ?

— ಹೇಳ್ತಾರೆ. ಅದನ್ನು ಬ್ರಿಟನ್ನಿನಲ್ಲಿ ಪರೀಕ್ಷಿಸಿಯೇ ನೋಡಿದ್ದಾರೆ. 313 ಜನರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಎಲುಬು ಕೆರೆದು ತೆಗೆದರು. ಇನ್ನೊಂದಕ್ಕೆ ಒಳಗೆ ಕ್ಯಾಮೆರಾ ಮಾತ್ರ ಹಾಕಿ ನೋಡಿ, ಎಂತದೂ ಮಾಡದೆ ಹೊಲಿದರು. ಮೂರನೆಯದಕ್ಕೆ ಚಿಕಿತ್ಸೆಯೇ ಇಲ್ಲ. ಕೆರೆದವರಿಗೂ ಸುಮ್ಮನೆ ಹೊಲಿದವರಿಗೂ ಫಲ ಒಂದೇ. ಚಿಕಿತ್ಸೆ ಇಲ್ಲದವರಿಗಿಂತ ಇಬ್ಬರೂ ಸ್ವಲ್ಪ ವಾಸಿ, ಆದರೆ ಆ ವ್ಯತ್ಯಾಸ ಲೆಕ್ಕಕ್ಕೆ ಬರುವಷ್ಟಿಲ್ಲ. 2018ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಹರುಕು ಇಲ್ಲದೆ ಬರೇ ಉಜ್ಜಿಕೊಂಡು ನೋಯುವ ಭುಜದ ಮಾತು ಅದು. ನಿಮ್ಮದಕ್ಕೆ ಹೋಲಿಸಬೇಡಿ.

— ನಿನ್ನ ಅತ್ತೆಗೆ ಒಂದು ಸಂಶಯ. ಮೊದಲ ತಿಂಗಳು ನಾನು ಬಗ್ಗಿ ನಿಂತು ಕೈ ಇಳಿಬಿಟ್ಟು ತೂಗಾಡಿಸುವುದನ್ನು ನೋಡಿ, ಇದರಿಂದ ಎಂತ ಆಗ್ತದೆ ಅಂತ ಕೇಳಿದಳು. ನನಗೂ ಹೇಳಲಿಕ್ಕೆ ಗೊತ್ತಾಗಲಿಲ್ಲ.

— ಬಗ್ಗಿದಾಗ ಕೈ ತನ್ನ ಭಾರಕ್ಕೇ ಕೆಳಗೆ ಇಳೀತದೆ. ಮೈ ಅಲುಗಿಸಿದರೆ ಕೈ ತೂಗ್ತದೆ. ಕೀಲು ಅಲುಗಿತು, ಹೊಲಿದ ಸ್ನಾಯುವಿಗೆ ಹೆಚ್ಚು ಕೆಲಸ ಬೀಳಲಿಲ್ಲ. ಅಲುಗದೆ ಬಿಟ್ಟರೆ ಕೀಲಿನ ಚೀಲ ಬಿಗೀತದೆ, ಕೈಯೆತ್ತಲಿಕ್ಕೆ ಹೋದರೆ ಹೊಲಿಗೆ ಬಿಡ್ತದೆ. ಎರಡನ್ನೂ ತಪ್ಪಿಸುವ ಉಪಾಯ ಅದು. ಅದನ್ನು ಹೇಳಿಕೊಟ್ಟವರು ಬಾಸ್ಟನ್ನಿನ ಸರ್ಜನ್ ಅರ್ನೆಸ್ಟ್ ಕಾಡ್‌ಮನ್. ಹರಿದ ಸುಪ್ರಾಸ್ಪೈನೇಟಸನ್ನು ಅವರು 1909ರಲ್ಲೇ ಹೊಲಿದಿದ್ದರು. 1934ರಲ್ಲಿ ಭುಜದ ಬಗ್ಗೆಯೇ ಒಂದು ದೊಡ್ಡ ಪುಸ್ತಕ ಬರೆದರು. ನನಗೆ ಅವರ ಮೇಲೆ ಭಕ್ತಿ ಇರುವುದು ಇನ್ನೊಂದು ಕಾರಣಕ್ಕೆ. ಆಪರೇಶನ್ ಮಾಡಿದ ಪ್ರತಿ ರೋಗಿಯನ್ನೂ ಒಂದು ವರ್ಷದ ಮೇಲೆ ಮತ್ತೆ ನೋಡಿ, ಗುಣವಾಯ್ತಾ ಇಲ್ಲವಾ, ಆಗದಿದ್ದರೆ ಯಾಕೆ ಅಂತ ಬರೆದಿಡಬೇಕು, ಅದನ್ನು ಆಸ್ಪತ್ರೆಗಳು ಪ್ರಕಟಿಸಬೇಕು ಅಂತ ಹಟ ಹಿಡಿದವರು. ಹಿರಿಯ ವೈದ್ಯರಿಗೆ ಅದು ಹಿಡಿಸಲಿಲ್ಲ. 1914ರಲ್ಲಿ ಅವರು ತಮ್ಮ ಆಸ್ಪತ್ರೆಯ ಹುದ್ದೆಯನ್ನೇ ಬಿಟ್ಟರು. ನಮ್ಮಲ್ಲಿ ಇವತ್ತಿಗೂ ಎಷ್ಟು ಕಡೆ ವರ್ಷ ಕಳೆದ ಮೇಲೆ ರೋಗಿಗೆ ಒಂದು ಫೋನ್ ಮಾಡಿ ಕೈ ಹೇಗುಂಟು ಅಂತ ಕೇಳ್ತಾರೆ?

— ನನಗೆ ಯಾರೂ ಮಾಡಲಿಲ್ಲ.

— ಇನ್ನೂ ವರ್ಷ ಆಗಲಿಲ್ಲ, ಕಾಯುವ. ಈಗ ಎದ್ದು ನಿಲ್ಲಿ. ಎರಡೂ ಕೈ ಒಟ್ಟಿಗೆ ಎತ್ತಿ, ನಿಧಾನಕ್ಕೆ. ಸಾಕು, ಅಲ್ಲೇ ನಿಲ್ಲಿಸಿ. ಬಲಭುಜ ಕಿವಿಯ ಹತ್ತಿರ ಹೋಯ್ತು, ಗೊತ್ತಾಯ್ತಾ?

— ಇಲ್ಲ. ಕೈ ಎತ್ತಿದ ಹಾಗೆಯೇ ಆಯ್ತು ನನಗೆ.

— ಕೈ ಏರಿದ್ದು ಕಡಿಮೆ, ಹೆಗಲು ಏರಿದ್ದು ಜಾಸ್ತಿ. ಪೂರ್ತಿ ಎತ್ತಿದ ಕೈ 180 ಡಿಗ್ರಿ ತಿರುಗ್ತದೆ. ಅದರಲ್ಲಿ ಹತ್ತಿರ ಹತ್ತಿರ 120 ಡಿಗ್ರಿ ಭುಜದ ಕೀಲಿನಿಂದ, ಉಳಿದ 60 ಬೆನ್ನಿನ ಹಲಗೆ ಎಲುಬು ಜಾರಿ ತಿರುಗುವುದರಿಂದ. ಒಳಗಿನ ಸ್ನಾಯು ಬಲಹೀನವಾದಾಗ ಕೀಲು ತನ್ನ ಪಾಲಿನ ಕೆಲಸ ಮಾಡುವುದಿಲ್ಲ, ಹಲಗೆ ಎಲುಬು ಅದನ್ನೂ ಹೊತ್ತುಕೊಳ್ತದೆ. ನೋವಿಲ್ಲದೆ ಕೈ ಮೇಲೆ ಹೋಯ್ತು ಅಂತ ನೀವು ಖುಷಿಪಡ್ತೀರಿ. ಆರು ತಿಂಗಳು ಇದೇ ಅಭ್ಯಾಸವಾದರೆ ಮತ್ತೆ ಬಿಡಿಸುವುದು ಬಹಳ ಕಷ್ಟ, ಕುತ್ತಿಗೆ ನೋವು ಬೇರೆ ಶುರುವಾಗ್ತದೆ. ಕನ್ನಡಿ ಎದುರು ಮಾಡಿ ಎಂದು ನಾನು ಪ್ರತಿ ಸಲ ಹೇಳುವುದು ಇದಕ್ಕೇ.

— ಏನು ಮಾಡಬೇಕು ಹಾಗಾದರೆ?

— ಬೈರಾಸು ಮಡಚಿ ಅಂಗೈ ಕೆಳಗೆ ಇಟ್ಟು ಗೋಡೆಗೆ ಒತ್ತಿ. ಗೋಡೆಯ ಮೇಲೆ ಜಾರಿಸುತ್ತಾ ಕೈ ಮೇಲೆ ತೆಗೆದುಕೊಂಡು ಹೋಗಿ. ಹೆಗಲು ಕಿವಿ ಕಡೆ ಏಳಲು ಶುರುವಾದ ಜಾಗದಲ್ಲಿ ನಿಲ್ಲಿಸಿ, ಗೋಡೆಯಲ್ಲಿ ಪೆನ್ಸಿಲಿನಿಂದ ಒಂದು ಗೀಟು ಹಾಕಿ. ಆ ಗೀಟು ವಾರದಿಂದ ವಾರಕ್ಕೆ ಮೇಲೆ ಹೋಗಬೇಕು. ದಿನದಿಂದ ದಿನಕ್ಕೆ ನೋಡಲಿಕ್ಕೆ ಹೋಗಬೇಡಿ, ಬೇಸರ ಬರ್ತದೆ. ಇನ್ನೊಂದು ಇವತ್ತಿನಿಂದ ಶುರು. ಹಳೆಯ ಸೈಕಲ್ ಟ್ಯೂಬು ಉಂಟಾ?

— ಅಟ್ಟದಲ್ಲಿ ಇರಬೇಕು.

— ಅದನ್ನು ಕಿಟಕಿಯ ಸರಳಿಗೆ ಕಟ್ಟಿ. ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು, ನಡುವೆ ಮಡಚಿದ ಬೈರಾಸು ಇಟ್ಟುಕೊಳ್ಳಿ. ಬೈರಾಸು ಬಿದ್ದರೆ ಮೊಣಕೈ ದೂರ ಹೋಯ್ತು ಅಂತ ಲೆಕ್ಕ. ಮೊಣಕೈ ಮಡಚಿದಲ್ಲೇ ಇರಲಿ, ಮುಂಗೈ ಮಾತ್ರ ಹೊರಗೆ ತಿರುಗಲಿ. ಟ್ಯೂಬು ಎಳೆಯುವಾಗ ಎಷ್ಟು ನಿಧಾನವೋ ಬಿಡುವಾಗ ಅದರ ಎರಡು ಪಾಲು ನಿಧಾನ. ಸ್ನಾಯು ಗಟ್ಟಿಯಾಗುವುದರಲ್ಲಿ ಆ ಬಿಡುವ ಕೆಲಸಕ್ಕೂ ದೊಡ್ಡ ಪಾಲುಂಟು, ಜನ ಅದನ್ನೇ ಪಟಕ್ಕನೆ ಮುಗಿಸಿಬಿಡ್ತಾರೆ. ನಿಮ್ಮ ಸರ್ಜನ್ ಹತ್ತಿರ ನಾನು ಮಾತನಾಡಿದ್ದೇನೆ, ಅವರು ಒಪ್ಪಿದ್ದಾರೆ. ಅವರು ಒಪ್ಪದಿದ್ದರೆ ನಾನು ಇದನ್ನು ಹೇಳುತ್ತಿರಲಿಲ್ಲ. ಎಷ್ಟು ಹರಿದಿತ್ತು, ಹೊಲಿಗೆ ಎಷ್ಟು ಗಟ್ಟಿ ಕೂತಿದೆ ಎನ್ನುವುದು ಕಣ್ಣಾರೆ ಕಂಡವರಿಗೆ ಗೊತ್ತು.

— ಮಾಡುವಾಗ ನೋವಾದರೆ?

— ಸ್ವಲ್ಪ ಆಗ್ತದೆ, ಆಗಲಿ. ಹತ್ತಕ್ಕೆ ಮೂರೋ ನಾಲ್ಕೋ ಎನ್ನುವಷ್ಟು ನೋವು, ಮರುದಿನ ಬೆಳಗ್ಗೆಗೆ ಇಳಿಯುವಂಥದ್ದು, ಅದಕ್ಕೆ ಹೆದರಬೇಡಿ. ರಾತ್ರಿ ನಿದ್ದೆ ಕೆಡಿಸುವ ನೋವು, ಮರುದಿನವೂ ಉಳಿಯುವ ನೋವು ಬಂದರೆ ಹಿಂದಿನ ವಾರದ ವ್ಯಾಯಾಮಕ್ಕೆ ವಾಪಸು ಹೋಗಬೇಕು. ಎರಡು ಥರದ ಜನ ಬರ್ತಾರೆ ನನ್ನ ಹತ್ತಿರ. ಚೂರು ನೋವಾದರೂ ಕೈ ಕಟ್ಟಿ ಕೂರುವವರು ಒಂದು. ನೋವಾದಷ್ಟೂ ಒಳ್ಳೆಯದು ಅಂತ ಹಲ್ಲು ಕಚ್ಚಿ ಜಗ್ಗುವವರು ಇನ್ನೊಂದು. ಮೊದಲನೆಯವರ ಭುಜ ಬಿಗೀತದೆ, ಎರಡನೆಯವರದ್ದು ಬಾಯ್ತದೆ. ಇಬ್ಬರಿಗೂ ಸರಿಯಾಗಿ ಹೇಳಿಕೊಟ್ಟವರು ಇಲ್ಲದ್ದೇ ಕಾರಣ.

— ರಾತ್ರಿಯ ನೋವಿನ ಮಾತೆತ್ತಬೇಡ. ಆ ಮೊದಲ ವಾರಗಳು ನೆನಪಾದರೆ ಈಗಲೂ ಮೈ ನಡುಗ್ತದೆ. ಹಗಲು ಹೇಗೋ ಕಳೀತದೆ. ರಾತ್ರಿ ಮಲಗಿದ ಕೂಡಲೇ ಭುಜದೊಳಗೆ ಕೊರೆಯಲಿಕ್ಕೆ ಶುರು. ನೀನು ಆರಾಮ ಕುರ್ಚಿಯಲ್ಲಿ ಒರಗಿ, ಮೊಣಕೈ ಕೆಳಗೆ ತಲೆದಿಂಬು ಇಟ್ಟು ಮಲಗಿ ಎಂದದ್ದರಿಂದ ನಿದ್ದೆ ಕಂಡೆ. ಅಂಗಿ ಹಾಕುವಾಗ ಪೆಟ್ಟಾದ ಕೈ ಮೊದಲು, ತೆಗೆಯುವಾಗ ಅದು ಕೊನೆಗೆ ಎಂದದ್ದೂ ಅಷ್ಟೇ. ಇಷ್ಟು ಸಣ್ಣ ಸಂಗತಿಯನ್ನು ಆಸ್ಪತ್ರೆಯಲ್ಲಿ ಯಾರೂ ಹೇಳಲಿಲ್ಲ.

— ಭುಜದ ರೋಗಿಗೆ ಅದು ಸಣ್ಣ ಸಂಗತಿ ಅಲ್ಲ. ನಿದ್ದೆ ಇಲ್ಲದವರಿಗೆ ವ್ಯಾಯಾಮ ಹೇಳಿದರೆ ಹೇಗೆ ಮಾಡ್ತಾರೆ?

— ಪೇಟೆಯಲ್ಲಿ ಒಂದು ಕಡೆ ಹೋಗ್ತಿದ್ದೆನಲ್ಲ, ಅಲ್ಲಿ ಕರೆಂಟು ಕೊಟ್ಟರು, ಶಾಖ ಕೊಟ್ಟರು. ಅರ್ಧ ಗಂಟೆ ಮಲಗಿಸಿ, ಆಯ್ತು ನಾಳೆ ಬನ್ನಿ ಅಂತ ಕಳಿಸ್ತಿದ್ದರು.

— ಇದನ್ನು ಕೇಳಿದರೆ ನನಗೆ ಸಂಕಟ ಆಗ್ತದೆ. ನನ್ನದೇ ವೃತ್ತಿಯವರ ಬಗ್ಗೆ ಹೇಳ್ತಾ ಇದ್ದೇನೆ, ತಿಳಿದೇ ಹೇಳ್ತಾ ಇದ್ದೇನೆ. ಕರೆಂಟಿನಿಂದ ನೋವು ಸ್ವಲ್ಪ ಹೊತ್ತು ಮರೆತೀತು, ಶಾಖಕ್ಕೆ ಹಿತವಾದೀತು. ಅದರಿಂದ ಸ್ನಾಯು ಗಟ್ಟಿಯಾಗುವುದಿಲ್ಲ. ಭುಜಕ್ಕೆ ಅಲ್ಟ್ರಾಸೌಂಡ್ ಶಾಖ ಕೊಟ್ಟು ಹೇಳುವಂಥ ಪ್ರಯೋಜನ ಸಿಕ್ಕಿದ್ದಕ್ಕೆ ಗಟ್ಟಿ ಆಧಾರ ಇಲ್ಲ. ದಿನಾ ಬಸ್ಸು ಹತ್ತಿ ಬಂದು, ದುಡ್ಡು ಕೊಟ್ಟು, ಯಂತ್ರದ ಕೆಳಗೆ ಮಲಗಿ ಹೋದವರಿಗೆ ಮನೆಯಲ್ಲಿ ಏನು ಮಾಡಬೇಕು ಅಂತ ಗೊತ್ತೇ ಇರುವುದಿಲ್ಲ. 1952ರಲ್ಲಿ ಮುಂಬಯಿಯಲ್ಲಿ ಪೋಲಿಯೊ ಹಬ್ಬಿತು, ಮರುವರ್ಷ ಅಲ್ಲಿನ ಕೆಇಎಂ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಶಾಲೆ ಶುರುವಾಯ್ತು. ನಮ್ಮ ದೇಶದಲ್ಲಿ ಈ ವಿದ್ಯೆ ಬೇರೂರಿದ್ದು ಹಾಗೆ. ಕಾಲು ಸೋತ ಮಕ್ಕಳಿಗೆ ನಡೆಯಲು ಕಲಿಸಲಿಕ್ಕೆ ಬಂದ ವಿದ್ಯೆ ಇದು. ಕಲಿಸುವುದನ್ನು ಬಿಟ್ಟರೆ ಇದರಲ್ಲಿ ಉಳಿಯುವುದು ಬಹಳ ಕಡಿಮೆ.

— ಎಣ್ಣೆ ಹಚ್ಚಬಹುದಾ? ಕೊಟ್ಟಂಚುಕ್ಕಾದಿ ತೈಲ ಉಂಟು ಮನೆಯಲ್ಲಿ. ಒಬ್ಬರು ಬಂದು ತಿಕ್ಕಿ, ಕೈ ಜಗ್ಗಿ ಸರಿ ಮಾಡ್ತೇನೆ ಎಂದಿದ್ದಾರೆ.

— ಗಾಯ ಪೂರ್ತಿ ಒಣಗಿದೆ, ಹಿತ ಅನಿಸಿದರೆ ಅತ್ತೆ ಹಗುರಕ್ಕೆ ಹಚ್ಚಲಿ. ಕೈ ಜಗ್ಗಲಿಕ್ಕೆ ಮಾತ್ರ ಯಾರಿಗೂ ಬಿಡಬೇಡಿ. ಹೊಲಿದ ಭುಜವನ್ನು ಒಂದು ಸಲ ಜಗ್ಗಿದರೆ ಸಾಕು, ಮೂರು ತಿಂಗಳ ಕೆಲಸ ಹಾಳು. ಮತ್ತೆ ಆ ಹೊಗೆಸೊಪ್ಪು. ಎಲೆಯಡಿಕೆ ಜೊತೆ ಇನ್ನೂ ಹಾಕ್ತೀರಿ ಅಂತ ಅತ್ತೆ ಹೇಳಿದರು. ನಿಕೋಟಿನ್ ರಕ್ತನಾಳವನ್ನು ಕಿರಿದು ಮಾಡ್ತದೆ. ನಿಮ್ಮ ಸ್ನಾಯು ಎಲುಬಿಗೆ ಬೆಸೆಯುವ ಜಾಗಕ್ಕೆ ಮೊದಲೇ ರಕ್ತ ಕಡಿಮೆ.

— ಅದೊಂದು ಬಿಡುವುದು ಕಷ್ಟ ಮಗಳೇ.

— ಕಷ್ಟ ಹೌದು, ಆದರೂ ಬಿಡಿ. ಸಕ್ಕರೆಯನ್ನೂ ಹಿಡಿತದಲ್ಲಿಡಿ. ಸಕ್ಕರೆ ಕಾಯಿಲೆ ಇರುವವರಿಗೆ ಭುಜ ಬಿಗಿಯುವುದು ಹೆಚ್ಚು. ಅತ್ತೆಗೆ ಹಿಂದೆ ಪೆಟ್ಟೇ ಇಲ್ಲದೆ ಭುಜ ಹಿಡಿದುಕೊಂಡು, ಜಡೆ ಹಾಕಲಿಕ್ಕೂ ಆಗದೆ ಒಂದೂವರೆ ಎರಡು ವರ್ಷ ಒದ್ದಾಡಿದರಲ್ಲ, ಅದು ಆ ಜಾತಿಯದ್ದು, ಫ್ರೋಜನ್ ಶೋಲ್ಡರ್. ಅದರ ದಾರಿ ಬೇರೆ, ಇಲ್ಲಿಗೆ ತರುವುದು ಬೇಡ.

— ಒಂದು ವಿಷಯ ಕೇಳ್ತೇನೆ. ನಮ್ಮಲ್ಲಿ ಮರ ಹತ್ತುವವ ಉಂಟಲ್ಲ. ಅವನಿಗೂ ಬಲಭುಜ ನೋಯ್ತದೆ, ಒಂದು ವರ್ಷವೇ ಆಯ್ತು. ಕೈ ಏಳ್ತದೆ, ಆದರೆ ಅರ್ಧ ಎತ್ತುವಾಗ ಚುಚ್ತದೆ ಅಂತಾನೆ. ರಾತ್ರಿ ಆ ಮಗ್ಗುಲಿಗೆ ಮಲಗಲಿಕ್ಕೆ ಆಗುವುದಿಲ್ಲವಂತೆ. ಮಾತ್ರೆ ನುಂಗಿ ಹತ್ತುತ್ತಾನೆ. ಡಾಕ್ಟ್ರ ಹತ್ತಿರ ಹೋಗು ಎಂದರೆ, ಹತ್ತು ದಿನ ಪೇಟೆಗೆ ತಿರುಗಿದರೆ ಹತ್ತು ದಿನದ ಕೂಲಿ ಹೋಯ್ತು ಅಂತಾನೆ. ಅವನು ಹೇಳುವುದೂ ಸರಿಯೇ.

— ಹತ್ತು ದಿನ ಬೇಡ ಮಾವ. ಇದು ನಾನು ಎಲ್ಲರಿಗೂ ಕೂಗಿ ಹೇಳಬೇಕೆಂದಿರುವ ಮಾತು. ಬ್ರಿಟನ್ನಿನಲ್ಲಿ ಈ ರೊಟೇಟರ್ ಕಫ್ ನೋವಿನ 708 ಜನರನ್ನು ತೆಗೆದುಕೊಂಡರು. ಅರ್ಧ ಜನರಿಗೆ ಫಿಸಿಯೋಥೆರಪಿಸ್ಟ್ ಆರು ಸಲದ ತನಕ ಬರಹೇಳಿ ಹಂತ ಹಂತವಾಗಿ ವ್ಯಾಯಾಮ ಮಾಡಿಸಿದರು. ಉಳಿದವರಿಗೆ ಒಂದೇ ಸಲ ಕೂತು ಸರಿಯಾಗಿ ವಿವರಿಸಿ, ಮನೆಯಲ್ಲಿ ಮಾಡುವ ವ್ಯಾಯಾಮ ತೋರಿಸಿ, ಕೈಗೆ ಒಂದು ಪುಸ್ತಿಕೆ ಕೊಟ್ಟು ಕಳಿಸಿದರು. ವರ್ಷದ ಕೊನೆಗೆ ಎರಡೂ ಗುಂಪಿನವರ ಭುಜ ಒಂದೇ ಥರ ಇತ್ತು. 2021ರ ಲ್ಯಾನ್ಸೆಟ್‌ನಲ್ಲಿ ಬಂದದ್ದು. ಆಪರೇಶನ್ ಆದ ನಿಮ್ಮಂಥವರಿಗೆ ಆಗಾಗ ನೋಡುವವರು ಬೇಕೇ ಬೇಕು, ಈ ಮಾತು ನಿಮಗಲ್ಲ. ಅವನಂಥ ಭುಜಕ್ಕೆ ಒಳ್ಳೆಯ ಒಂದು ಪಾಠದಿಂದಲೇ ಶುರು ಮಾಡಬಹುದು.

— ಒಂದು ಸಲ ಸಾಕಾ?

— ಸರಿಯಾಗಿ ನೋಡಿ ಸರಿಯಾಗಿ ಕಲಿಸಿದರೆ. ಹರಿದಿದೆಯಾ, ಕುತ್ತಿಗೆಯಿಂದ ಬಂದ ನೋವಾ ಅಂತ ಮೊದಲು ಪರೀಕ್ಷೆ ಮಾಡಬೇಕು. ಆಮೇಲೆ ಅವನ ಕೈಯಲ್ಲೇ ಮಾಡಿಸಿ ನೋಡಬೇಕು, ಅವನ ಕೆಲಸ ಕೇಳಿ ಅದಕ್ಕೆ ತಕ್ಕ ಹಾಗೆ ಹೇಳಬೇಕು. ಮರಕ್ಕೆ ತೋಳು ಬಳಸಿ ಮೈ ಎಳೆದುಕೊಳ್ಳುವವನಿಗೂ ಆಫೀಸಿನಲ್ಲಿ ಕೂರುವವನಿಗೂ ಒಂದೇ ಚೀಟಿ ಕೊಟ್ಟರೆ ಆಗುವುದಿಲ್ಲ. ಅಷ್ಟು ಹೊತ್ತು ಕೊಡುವವರು ಅವನ ಹತ್ತಿರದ ಸರಕಾರಿ ಆಸ್ಪತ್ರೆಯಲ್ಲಿ ಇರಬೇಕು. ನಮ್ಮ ಕಡೆ ಎಷ್ಟು ಕಾಲೇಜುಗಳಿಂದ ಫಿಸಿಯೋಥೆರಪಿ ಕಲಿತು ಹೊರಗೆ ಬರ್ತಾರೆ! ಅವರಲ್ಲಿ ಹೆಚ್ಚಿನವರು ಪೇಟೆಯಲ್ಲಿ, ದೊಡ್ಡ ಆಸ್ಪತ್ರೆಯಲ್ಲಿ, ವಿದೇಶದಲ್ಲಿ. ಭುಜ ಸವೆಯುವುದು ಇಲ್ಲಿ, ತೋಟದಲ್ಲಿ, ಕಟ್ಟಡದ ಕೆಲಸದಲ್ಲಿ, ಮೀನಿನ ಬಲೆ ಎಳೆಯುವಲ್ಲಿ. ವಾರಕ್ಕೆ ಒಂದು ದಿನ ಒಬ್ಬ ಫಿಸಿಯೋಥೆರಪಿಸ್ಟ್ ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ಬಂದು ಕೂತರೂ ಎಷ್ಟು ಜನರ ದುಡಿಮೆ ಉಳಿದೀತು.

— ಅದು ಆಗುವಾಗ ಆಗಲಿ. ಇವನಿಗೆ ಈಗ ಎಂತ ಮಾಡುವ?

— ಸಂಜೆ ಕೆಲಸ ಬಿಟ್ಟ ಮೇಲೆ ಬರಲಿಕ್ಕೆ ಹೇಳಿ. ನಾಳೆಯೂ ಇದ್ದೇನೆ ನಾನು, ಅವಸರ ಇಲ್ಲ. ಅವನ ಹೆಂಡತಿಯೂ ಬರಲಿ, ಒಬ್ಬರು ಮರೆತದ್ದನ್ನು ಇನ್ನೊಬ್ಬರು ನೆನಪಿಸಬಹುದು. ಆದರೆ ನಾನು ಕಲಿಸಿ ಹೋದರೆ ಸಾಲದು ಮಾವ. ನೀವೂ ಮಾಡಬೇಕಾದ್ದು ಉಂಟು.

— ಹೇಳು.

— ನಿಮಗೆ ಪೆಟ್ಟಾದಾಗ ತೋಟ ನಡೆಯಿತು, ಮನೆ ನಡೆಯಿತು, ನೀವು ಕುರ್ಚಿಯಲ್ಲಿ ಒರಗಿ ಗುಣವಾದಿರಿ. ಅವನಿಗೆ ಆ ಅನುಕೂಲ ಇಲ್ಲ. ಆದ್ದರಿಂದ ಮೂರು ತಿಂಗಳು ಅವನನ್ನು ಮರಕ್ಕೆ ಹತ್ತಿಸಬೇಡಿ, ದೋಟಿಯನ್ನೂ ಕೊಡಬೇಡಿ. ಅಡಿಕೆ ಹೆಕ್ಕುವುದು, ಅಂಗಳದಲ್ಲಿ ಹರಡುವುದು, ಸುಲಿಯುವುದು, ಸ್ಪ್ರಿಂಕ್ಲರ್ ನೋಡಿಕೊಳ್ಳುವುದು, ಕೈ ಭುಜಕ್ಕಿಂತ ಕೆಳಗೇ ಇರುವ ಕೆಲಸ ತೋಟದಲ್ಲಿ ಬೇಕಾದಷ್ಟು ಉಂಟು. ಅದನ್ನು ಕೊಡಿ. ಮರ ಹತ್ತುವ ದಿನಗಳಲ್ಲಿ ಎಷ್ಟು ಕೂಲಿ ಕೊಡ್ತಿದ್ದಿರೋ ಅಷ್ಟೇ ಕೊಡಿ, ಕಡಿಮೆ ಮಾಡಬೇಡಿ. ಕೊಯ್ಲಿಗೆ ಬೇರೆ ತಂಡ ಕರೆಸಿ, ನಿಮಗೂ ಹೇಗೂ ಕರೆಸಲೇಬೇಕು.